ಅಪ್‌ಡೇಟ್: ಒಣಹುಲ್ಲು ಸಿಗದೆ ಮೊಲಕ್ಕೆ ಗರಿಕೆ ಕೊಟ್ಟೆ

ಹೋದ ತಿಂಗಳು ಕೇಳಿದ್ದೆ ಅಲ್ವಾ, ಮಳೆಗೆ ಒಣಹುಲ್ಲೆಲ್ಲ ಬೂಷ್ಟು ಹಿಡಿದಿದೆ, ಶಿವಮೊಗ್ಗದಲ್ಲಿ ಬೇರೆ ಸಿಗುತ್ತಿಲ್ಲ, ಮೊಲಕ್ಕೆ ಹಸಿ ಹುಲ್ಲು ಕೊಡಬಹುದಾ ಅಂತ. ಕೊಡಬಹುದು. ಮೂರು ವಾರವಾಯಿತು, ನಮ್ಮ ಬೆಳ್ಳಿ ಆರಾಮಾಗಿದ್ದಾಳೆ.

ಮೊದಲ ದಿನ ಒಂದೇ ಹಿಡಿ ಗರಿಕೆ ಕೊಟ್ಟೆ. ನೀವೆಲ್ಲ ಹೇಳಿದ ಹಾಗೆ ದಿನಾ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿದೆ. ಒಂದು ದಿನ ಆತುರಪಟ್ಟು ತುಂಬಾ ಹಾಕಿಬಿಟ್ಟೆ, ಮರುದಿನ ಹಿಕ್ಕೆ ಮೆತ್ತಗಾಯಿತು, ನನಗೆ ಎದೆ ಧಸಕ್ಕೆಂದಿತು. ಕಡಿಮೆ ಮಾಡಿದ ಮೇಲೆ ಎರಡು ದಿನದಲ್ಲಿ ಮತ್ತೆ ಗಟ್ಟಿ, ಉಂಡೆ ಉಂಡೆ.

ಹುಲ್ಲನ್ನು ಮನೆ ಹಿಂದಿನ ಜಾಗದಿಂದಲೇ ಕೊಯ್ಯುತ್ತೇನೆ. ಅಲ್ಲಿ ಔಷಧಿ ಹೊಡೆದಿಲ್ಲ, ನಾಯಿಗಳೂ ಬರುವುದಿಲ್ಲ. ತೊಳೆದು, ನೀರು ಆರಿಸಿ, ಆಗಲೇ ಕೊಡುತ್ತೇನೆ. ಮಷಿನ್‌ನಲ್ಲಿ ಕತ್ತರಿಸಿದ ಲಾನ್ ಹುಲ್ಲು ಮಾತ್ರ ಬೇಡವೇ ಬೇಡ, ಅದು ರಾಶಿಯಲ್ಲಿ ಬಿಸಿಯಾಗಿ ಬೇಗ ಹುಳಿಯುತ್ತದೆ, ಹೊಟ್ಟೆ ಕೆಡುತ್ತದೆ.

ಪೆಲೆಟ್ (ಅಂಗಡಿಯಲ್ಲಿ ಸಿಗುವ ಮೊಲದ ಗುಳಿಗೆ ಆಹಾರ) ಜಾಸ್ತಿ ಮಾಡಿದರೆ ಸಾಕಲ್ವಾ ಅಂತ ಅಮ್ಮ ಕೇಳಿದರು. ಸಾಲದು. ಮೊಲದ ಹಲ್ಲು ಬೆಳೆಯುತ್ತಲೇ ಇರುತ್ತದೆ, ನಾರಿನ ಹುಲ್ಲು ಅಗಿದಗಿದೇ ಅದು ಸವೆಯಬೇಕು.

ಬಿಸಿಲು ಬಂದ ದಿನ ಒಂದಿಷ್ಟು ಗರಿಕೆಯನ್ನು ತಾರಸಿಯಲ್ಲಿ ಹರಡಿ ಒಣಗಿಸುತ್ತಿದ್ದೇನೆ. ಪೂರ್ತಿ ಗರಿಗರಿಯಾದ ಮೇಲೆಯೇ ಚೀಲಕ್ಕೆ ತುಂಬುತ್ತೇನೆ, ಮತ್ತೆ ಬೂಷ್ಟು ಹಿಡಿಯಬಾರದು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.