ಸಹಾಯ ಬೇಕು: ಕುಟುಂಬ ವೈದ್ಯಕೀಯದ ಓದಿಗೆ ಮಾರ್ಗದರ್ಶನ

ಮಾನ್ಯರೇ,

ನಾನು ಹಾಸನದಲ್ಲಿ ಎಂಬಿಬಿಎಸ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಮುಂದೆ 1 ವರ್ಷದ ಇಂಟರ್ನ್‌ಶಿಪ್ ಇದೆ. ಆ ನಂತರ ಕುಟುಂಬ ವೈದ್ಯೆಯಾಗಿ ಸಕಲೇಶಪುರದ ಕಡೆ ನೆಲೆಸಬೇಕೆಂಬುದು ನನ್ನ ಇಚ್ಛೆ. ತೋಟದ ಲೈನ್‌ಮನೆಯೊಂದರಲ್ಲಿರುವ ಅಜ್ಜಿಯ ರಕ್ತದೊತ್ತಡ, ಸೊಸೆಯ ಬಸುರಿನ ತಪಾಸಣೆ, ಮಗುವಿನ ಲಸಿಕೆ ಇವೆಲ್ಲವನ್ನೂ ವರ್ಷಾನುಗಟ್ಟಲೆ ಬಲ್ಲ ಒಬ್ಬರೇ ವೈದ್ಯರು ಹತ್ತಿರದಲ್ಲಿದ್ದರೆ, ಪ್ರತಿಯೊಂದಕ್ಕೂ ದಿನದ ಕೂಲಿ ಬಿಟ್ಟು ಜಿಲ್ಲಾ ಆಸ್ಪತ್ರೆಗೆ ಬರುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ. (ಮನೆಯಲ್ಲಿ ಮಾತ್ರ ಇದನ್ನು ಯಾರೂ ‘ಸ್ಪೆಷಲಿಸ್ಟ್’ ಎಂದು ಒಪ್ಪುತ್ತಿಲ್ಲ.)

ಕುಟುಂಬ ವೈದ್ಯಕೀಯದಲ್ಲಿ, ನೀಟ್ ಪಿಜಿ (ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆ) ಬರೆದು 3 ವರ್ಷದ ಎಂಡಿ (ಸ್ನಾತಕೋತ್ತರ ಪದವಿ) ಅಥವಾ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ನೀಡುವ ಸ್ನಾತಕೋತ್ತರ ಅರ್ಹತೆ) ಸೇರಬಹುದು. ಅದೇ ಮಂಡಳಿಯ 2 ವರ್ಷದ ಡಿಪ್ಲೊಮಾ ಕೂಡ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕೆಲಸದಲ್ಲಿರುವ ವೈದ್ಯರಿಗೆ ದೂರಶಿಕ್ಷಣದಲ್ಲಿ ಕಲಿಸುತ್ತದೆ. ಎಂಡಿ ಸೀಟುಗಳು ವಿರಳವಾದ್ದರಿಂದ ನನ್ನ ಒಲವು ಡಿಎನ್‌ಬಿ ಕಡೆಗಿದೆ.

ಈ ತರಬೇತಿ ಪಡೆದವರು ದಯವಿಟ್ಟು ತಿಳಿಸಿ: ಹೆರಿಗೆ, ಮಕ್ಕಳ ವಿಭಾಗ ಮತ್ತು ತುರ್ತು ಚಿಕಿತ್ಸೆಯಲ್ಲಿ ನಿಮಗೆ ಸ್ವತಃ ಕೈಯಾರೆ ಕಲಿಯಲು ಅವಕಾಶ ದೊರೆಯಿತೇ, ಅಥವಾ ಆಯಾ ವಿಭಾಗದವರ ಹಿಂದೆ ನಿಂತು ನೋಡುವುದಷ್ಟೇ ಆಯಿತೇ? ಸೀಟು ಆರಿಸುವಾಗ ಆಸ್ಪತ್ರೆಯ ಬಗ್ಗೆ ಏನನ್ನು ವಿಚಾರಿಸಬೇಕು?

ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲೆಯ ಹಿರಿಯ ಕುಟುಂಬ ವೈದ್ಯರು ಯಾರಾದರೂ ರಜೆಯ ದಿನಗಳಲ್ಲಿ ತಮ್ಮ ಕ್ಲಿನಿಕ್‌ನಲ್ಲಿ ಕುಳಿತು ಕಲಿಯಲು ಅನುಮತಿಸುವುದಾದರೆ, ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.