ಬಿಕ್ರಿಪ್ಟ್‌ಗೆ ಬದಲಾದ ಮೇಲೆ ಸರ್ವರ್ ನಿಧಾನ: ನೀವು ಏನು ಮಾಡಿದಿರಿ?

ಪ್ರಶ್ನೆ: ಆಫೀಸಿನ ಒಳಬಳಕೆಯ ಸೈಟ್ ಅಪಾಚೆ ವೆಬ್ ಸರ್ವರ್ ಮೇಲಿದೆ, ಲಾಗಿನ್‌ಗೆ ಬೇಸಿಕ್ ಆಥ್ (ಬ್ರೌಸರ್ ತಾನೇ ಹೆಸರು, ಪಾಸ್‌ವರ್ಡ್ ಕೇಳುವ ಪದ್ಧತಿ). ಹಳೆಯ ಎಂಡಿ5 ಹ್ಯಾಶ್ (ಪಾಸ್‌ವರ್ಡ್ ಬದಲು ಉಳಿಸಿಡುವ, ಹಿಂದಕ್ಕೆ ಬಿಡಿಸಲಾಗದ ರೂಪ) ತೆಗೆದು, ಬೇಕೆಂದೇ ನಿಧಾನವಾಗಿ ಲೆಕ್ಕ ಹಾಕುವ ಬಿಕ್ರಿಪ್ಟ್ ಹಾಕಿದೆವು. ಎಷ್ಟು ನಿಧಾನ ಎಂದು ಹೇಳುವ ಕಾಸ್ಟ್ 12. ಈಗ ಪುಟ ತೆರೆಯುವುದೇ ತಡ, ಸಿಪಿಯು ಸದಾ ತುಂಬಿರುತ್ತದೆ. ಆಥ್ ಕ್ಯಾಶ್ ಮಾಡ್ಯೂಲ್ (ಲಾಗಿನ್ ಮಾಹಿತಿ ನೆನಪಿಟ್ಟುಕೊಳ್ಳುವ ಸೋಕ್ಯಾಶ್) ಆನ್ ಮಾಡಿದರೂ ವ್ಯತ್ಯಾಸ ಕಾಣಲಿಲ್ಲ. ಕಾಸ್ಟ್ ಇಳಿಸಿಬಿಡಲಾ?

ಉತ್ತರ 1: ಇಳಿಸಬೇಡಿ ಸರ್. ನಮ್ಮಲ್ಲೂ ಹೀಗೇ ಆಗಿತ್ತು. ಬೇಸಿಕ್ ಆಥ್‌ನಲ್ಲಿ ಒಮ್ಮೆ ಲಾಗಿನ್ ಆದರೆ ಮುಗಿಯಿತು ಅಂತಿಲ್ಲ. ಬ್ರೌಸರ್ ಪ್ರತಿ ರಿಕ್ವೆಸ್ಟ್ ಜೊತೆ ಪಾಸ್‌ವರ್ಡ್ ಕಳಿಸುತ್ತದೆ. ಪುಟದಲ್ಲಿ 40 ಚಿತ್ರ, ಸ್ಕ್ರಿಪ್ಟ್ ಇದ್ದರೆ 40 ಸಲ ಬಿಕ್ರಿಪ್ಟ್ ಓಡುತ್ತದೆ. ಕಾಸ್ಟ್ ಒಂದು ಏರಿದರೆ ಕೆಲಸ ಎರಡು ಪಟ್ಟು. ಪಾಸ್‌ವರ್ಡ್ ಫೈಲ್ ಮಾಡುವ ಅಪಾಚೆಯ ಎಚ್‌ಟಿಪಾಸ್‌ವರ್ಡ್ ಟೂಲ್ ಬಿಕ್ರಿಪ್ಟ್‌ಗೆ ತಾನಾಗಿ ಹಾಕುವ ಕಾಸ್ಟ್ 5. ಅದಕ್ಕೆ ಹೋಲಿಸಿದರೆ ನಿಮ್ಮ 12 ಅಂದರೆ 128 ಪಟ್ಟು.

ಕ್ಯಾಶ್ ಯಾಕೆ ಸಹಾಯ ಮಾಡಲಿಲ್ಲ? ಆ ಸೋಕ್ಯಾಶ್ ಮಾಡ್ಯೂಲ್ ಇಟ್ಟುಕೊಳ್ಳುವುದು ಹ್ಯಾಶನ್ನು ಮಾತ್ರ, 'ಪಾಸ್‌ವರ್ಡ್ ಸರಿಯಿದೆ' ಎಂಬ ಫಲಿತಾಂಶವನ್ನಲ್ಲ. ಹ್ಯಾಶ್ ಡೇಟಾಬೇಸ್‌ನಲ್ಲಿದ್ದರೆ ಅದನ್ನು ತರುವ ಓಡಾಟ ಉಳಿಯುತ್ತದೆ. ಲೆಕ್ಕ ಮಾತ್ರ ಪ್ರತಿ ಸಲ ಹೊಸದಾಗಿಯೇ ನಡೆಯುತ್ತದೆ.

ನಾವು ಮೊದಲು ಲೋಗೊ, ಸಿಎಸ್‌ಎಸ್‌ನಂಥ ಗುಟ್ಟಿಲ್ಲದ ಫೈಲುಗಳನ್ನು ಪಾಸ್‌ವರ್ಡ್ ಬೇಡದ ಫೋಲ್ಡರ್‌ಗೆ ಹಾಕಿದೆವು. ಅಷ್ಟಕ್ಕೇ ದೊಡ್ಡ ಬದಲಾವಣೆ ಕಂಡಿತು. ಆಮೇಲೆ ಅಪ್ಲಿಕೇಶನ್‌ನಲ್ಲೇ ಲಾಗಿನ್ ಪುಟ ಮಾಡಿ ಸೆಷನ್ ಕುಕಿಗೆ (ಲಾಗಿನ್ ಆದವರನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಚೀಟಿ) ಹೋದೆವು. ಈಗ ಬಿಕ್ರಿಪ್ಟ್ ಓಡುವುದು ಲಾಗಿನ್ ಹೊತ್ತಲ್ಲಿ ಮಾತ್ರ.

ಉತ್ತರ 2: ಅಪಾಚೆಯದೇ ಫಾರ್ಮ್ ಲಾಗಿನ್ ಬಳಸುವವರು ಇದನ್ನು ಗಮನಿಸಿ. ಅದು ಹೆಸರು, ಪಾಸ್‌ವರ್ಡ್ ಎರಡನ್ನೂ ಸೆಷನ್‌ನಲ್ಲಿಟ್ಟು ಪ್ರತಿ ರಿಕ್ವೆಸ್ಟ್‌ಗೂ ಮತ್ತೆ ಪರೀಕ್ಷಿಸುತ್ತದೆ. ಆಥ್‌ಫಾರ್ಮ್‌ಸೈಟ್‌ಪಾಸ್‌ಫ್ರೇಸ್ ಸೆಟ್ಟಿಂಗ್ ಕೊಟ್ಟರೆ ಮಾತ್ರ ಆ ಪರೀಕ್ಷೆ ತಪ್ಪುತ್ತದೆ.

ಉತ್ತರ 3: ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್‌ನಲ್ಲಿ ಇನ್ನೂ ಕಷ್ಟ. ಅದರ ಒಂದು ವರ್ಕರ್ ಪ್ರೋಸೆಸ್ ನೂರಾರು ಕನೆಕ್ಷನ್ ನೋಡಿಕೊಳ್ಳುತ್ತದೆ ಅಲ್ವಾ, ಅದು ಬಿಕ್ರಿಪ್ಟ್ ಲೆಕ್ಕದಲ್ಲಿದ್ದರೆ ಉಳಿದವರೆಲ್ಲ ಕಾಯಬೇಕು. ಆಥ್ ರಿಕ್ವೆಸ್ಟ್ ಮಾಡ್ಯೂಲ್ ಮೂಲಕ 'ಇವರನ್ನು ಒಳಗೆ ಬಿಡಲಾ' ಎಂದು ಬೇರೆ ಸೇವೆಗೆ ಕೇಳಿ, ಅದರ ಉತ್ತರವನ್ನು ಕ್ಯಾಶ್ ಮಾಡುವವರಿದ್ದಾರೆ. ಆದರೆ ಬ್ರೌಸರ್ ಪಾಸ್‌ವರ್ಡ್ ಕಳಿಸುವ ಆಥರೈಸೇಶನ್ ಹೆಡರನ್ನೇ ಕ್ಯಾಶ್ ಕೀ (ಉತ್ತರ ಹುಡುಕುವ ಗುರುತು) ಮಾಡಿದರೆ ಅದು ಡಿಸ್ಕ್‌ನ ಫೈಲಿನಲ್ಲಿ ಹಾಗೇ ಬರೆದಿರುತ್ತದೆ. ಬೇಸ್64 (ಯಾರು ಬೇಕಾದರೂ ಬಿಡಿಸಬಹುದಾದ ಬರಹ ರೂಪ) ಬಿಡಿಸಿದರೆ ಪಾಸ್‌ವರ್ಡ್ ಸಿಕ್ಕಿತು! ಹಾಗಾಗಿ ನಾವು ಫಲಿತಾಂಶವನ್ನು ಆ ಸೇವೆಯ ಮೆಮೊರಿಯಲ್ಲೇ ಇಡುತ್ತೇವೆ. ಕೀಗೆ ಎಚ್‌ಮ್ಯಾಕ್ (ಒಂದು ಗುಟ್ಟು ಸೇರಿಸಿ ಮಾಡಿದ ಹ್ಯಾಶ್), ಆ ಗುಟ್ಟು ಸೇವೆ ರೀಸ್ಟಾರ್ಟ್ ಆದಾಗ ಬದಲಾಗುತ್ತದೆ. ಅವಧಿ ಕೆಲವೇ ನಿಮಿಷ. ಯಾರಾದರೂ ಪಾಸ್‌ವರ್ಡ್ ಬದಲಿಸಿದರೆ ಅವರ ನಮೂದು ಕೂಡಲೇ ಅಳಿಯುತ್ತದೆ.