ಫೈಬರ್ ದೋಣಿಯ ಅಡಿ ಒಡೆದಿದೆ, ಮೇಲಿಂದ ಎರಡು ಪದರ ಗಾಜಿನ ನೂಲಿನ ಮ್ಯಾಟ್ ಹಾಕಿದರೆ ಸಾಕಾ?

ತದಡಿ ಹುಡುಗ
ನಮ್ಮದು ಔಟ್‌ಬೋರ್ಡ್ ಇಂಜಿನ್ನಿನ ಫೈಬರ್ ದೋಣಿ. ಇಳಿತದ ಹೊತ್ತಲ್ಲಿ ಅಘನಾಶಿನಿ ಅಳಿವೆ ಒಳಗೆ ಬರುವಾಗ ಅಡಿ ಕಲ್ಲಿಗೆ ಬಡಿಯಿತು. ಹೊರಗಿನಿಂದ ನೋಡಿದರೆ ಒಂದು ಗೇಣಿನಷ್ಟು ಬಿರುಕು, ಅಷ್ಟೇ. ಆದರೆ ಅದು ಒಳಗಿನ ಸ್ಟ್ರಿಂಗರ್ (ಅಡಿಗೆ ಬಲ ಕೊಡುವ ಉದ್ದನೆಯ ತೊಲೆ) ಪಕ್ಕದಲ್ಲೇ ಇದೆ, ನೀರೂ ಜಿನುಗುತ್ತಿದೆ. ನೋಡಿದವರು ಒಬ್ಬರು "ಬಿರುಕಿಗೆ ಪುಟ್ಟಿ ತುಂಬಿ, ಹೊರಗಿನಿಂದ ಎರಡು ಪದರ ಮ್ಯಾಟ್ ಹೊಡೆದರೆ ಆಯ್ತು, ಒಂದೇ ದಿನದ ಕೆಲಸ" ಎಂದರು. ಅಪ್ಪನಿಗೆ ಧೈರ್ಯ ಬರುತ್ತಿಲ್ಲ. ಫೈಬರ್ ಕೆಲಸ ಗೊತ್ತಿದ್ದವರು ಹೇಳಿ.

ಕುಮಟಾ ಕಡೆಯವ
ನಮ್ಮ ದೋಣಿಗೂ ಹಾಗೇ ಮಾಡಿಸಿದ್ದೆವು. ನೀರು ನಿಂತಿತು. ಆದರೆ ಮುಂದಿನ ಸೀಸನ್ನಿನಲ್ಲಿ ಆ ಪ್ಯಾಚ್ ಅಂಚಿನಿಂದ ಎದ್ದು ಬಂತು, ಇಡೀ ಹಾಳೆ ಹಾಗೇ ಕೈಯಲ್ಲಿ ಕಿತ್ತು ಬಂತು. ಯಾಕೆ ಹಾಗಾಯಿತು ಅಂತ ಯಾರೂ ಹೇಳಲಿಲ್ಲ.

ಬೈತಖೋಲ್ ಫೈಬರ್
ಕಾರವಾರದಲ್ಲಿ ಇದೇ ಕೆಲಸ ಮಾಡುವವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ. ಅಡಿಯ ವಿಷಯ, ಅದರ ಮೇಲೆ ಮನೆಯವರ ಜೀವ ಇರುತ್ತದೆ.

ಮೊದಲು ಕುಮಟಾದವರ ಪ್ರಶ್ನೆ. ಹಳೇ ಫೈಬರ್ ಪೂರ್ತಿ ಗಟ್ಟಿಯಾದ ಮೇಲೆ ಹೊಸ ರೆಸಿನ್ (ನೂಲನ್ನು ನೆನೆಸಿ ಗಟ್ಟಿಯಾಗುವ ಅಂಟು) ಅದರ ಜೊತೆ ಬೆರೆಯುವುದಿಲ್ಲ, ಬರೀ ಹಿಡಿದುಕೊಳ್ಳುತ್ತದೆ. ಹಿಡಿಯಬೇಕಾದರೆ ಒರಟು ಮೈ ಬೇಕು, ಜಾಗವೂ ಜಾಸ್ತಿ ಬೇಕು. ಪೇಂಟ್ ಅಥವಾ ಜೆಲ್‌ಕೋಟ್ (ಹೊರಮೈಯ ನುಣುಪು ಪದರ) ಮೇಲೆ ಮ್ಯಾಟ್ ಹೊಡೆದರೆ ಅದು ಪೇಂಟನ್ನು ಹಿಡಿದುಕೊಂಡಿರುತ್ತದೆ, ದೋಣಿಯನ್ನಲ್ಲ.

ಈಗ ತದಡಿಯವರಿಗೆ. ಹೊರಗಿನ ಬಿರುಕು ನೋಡಿ ಅಳತೆ ಹಾಕಬೇಡಿ. ಕಲ್ಲು ಬಡಿದಾಗ ಅಡಿ ಒಳಕ್ಕೆ ಬಾಗುತ್ತದೆ, ಎಳೆತ ಬೀಳುವುದು ಒಳಮೈಗೆ. ಹಾಗಾಗಿ ಹೊರಗೆ ಒಂದು ಗೇಣಿದ್ದರೆ ಒಳಗೆ ಅದಕ್ಕಿಂತ ಅಗಲಕ್ಕೆ ಪದರ ಬಿಟ್ಟಿರುವುದೇ ಹೆಚ್ಚು. ಚಿಕ್ಕ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ 'ಟಣ್' ಅಂತ ಚುರುಕಾಗಿ ಬರುತ್ತದೆ, ಪದರ ಬಿಟ್ಟಲ್ಲಿ 'ಡಬ್' ಅಂತ ಸತ್ತ ಸದ್ದು. ಸದ್ದು ಬದಲಾದ ಕಡೆಯೆಲ್ಲ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆ ಗೆರೆಯೊಳಗಿನದ್ದೆಲ್ಲ ನಿಮ್ಮ ಕೆಲಸ.

ಆಮೇಲೆ ಗ್ರೈಂಡಿಂಗ್. ಈ ಕೆಲಸದ ಜೀವ ಇಲ್ಲಿದೆ, ಬಟ್ಟೆ ಹಾಕುವುದರಲ್ಲಿ ಅಲ್ಲ. ಸಿಹಿನೀರಿನಿಂದ ಉಪ್ಪು ತೊಳೆದು, ಒಣಗಿಸಿ, ಅಸಿಟೋನ್‌ನಿಂದ ಮೇಣ, ಎಣ್ಣೆ ಒರೆಸಿ. ಒರೆಸದೆ ಗ್ರೈಂಡರ್ ಹಾಕಿದರೆ ಅದೇ ಮೇಣವನ್ನು ಒಳಗೆ ತಿಕ್ಕಿದ ಹಾಗೆ. 36 ಅಥವಾ 40 ನಂಬರಿನ ಒರಟು ಡಿಸ್ಕ್ ಹಿಡಿದು ಉಜ್ಜುತ್ತಾ ಹೋದರೆ ಒಡೆದ ನೂಲು ಬೆಳ್ಳಗೆ ಕಾಣುತ್ತದೆ. ಒಳ್ಳೆಯ ಫೈಬರ್‌ಗೆ ತುಸು ಹಸಿರು ಛಾಯೆ, ಬೆಳಕು ಒಳಗೆ ಹಾಯುತ್ತದೆ. ಬಿಳಿ ಹೋಗುವವರೆಗೂ ನಿಲ್ಲಿಸಬಾರದು, ತೂತು ಬಿದ್ದರೂ ಸರಿ. ತೂತು ನೋಡಿ ಮಾಲೀಕರು ಹೆದರುತ್ತಾರೆ. ಒಡೆದ ನೂಲು ಒಳಗೇ ಉಳಿದರೆ ಹೆದರಬೇಕು.

ತೂತಿನ ಸುತ್ತ ಇಳಿಜಾರು ಕೊಡಬೇಕು. ದಪ್ಪಕ್ಕೆ ಹನ್ನೆರಡು ಪಟ್ಟು ಅಗಲ ಅನ್ನುವುದು ಲೆಕ್ಕ. ಅಡಿ 8 ಮಿಲಿಮೀಟರ್ ದಪ್ಪ ಇದ್ದರೆ ಸುತ್ತಲೂ 96, ಅಂದರೆ ಹತ್ತಿರ ನಾಲ್ಕು ಇಂಚು. ಅವಸರದವರು ಒಂದು ಇಂಚಿನಲ್ಲೇ ಮುಗಿಸುತ್ತಾರೆ. ಆಗ ಇಡೀ ಭಾರ ಆ ಸಣ್ಣ ಅಂಚಿನ ಮೇಲೆ ಬಿದ್ದು ಪ್ಯಾಚ್ ಏಳುತ್ತದೆ.

ನೀವಂತೂ ಒಳಗಿನಿಂದಲೇ ಇಳಿಜಾರು ಮಾಡಿಸಿ. ಹೊರಗೆ ಮೇಣ ಹಚ್ಚಿದ ತೆಳು ಸನ್‌ಮೈಕಾ ಹಾಳೆ ಬಿಗಿದರೆ ಅಡಿಯ ಆಕಾರ ಕೆಡುವುದಿಲ್ಲ. ಸ್ಟ್ರಿಂಗರ್ ಬುಡವನ್ನೂ ಬಡಿದು ನೋಡಿ. ಬುಡದ ಪಟ್ಟಿ ಎದ್ದಿದ್ದರೆ ಅದನ್ನೂ ಕಿತ್ತು ಹೊಸದಾಗಿ ಕೂರಿಸಬೇಕು. ಒಳಗೆ ಮರ ಇದ್ದರೆ ಸಣ್ಣ ಡ್ರಿಲ್ ಹಾಕಿ ಹೊಟ್ಟು ನೋಡಿ. ಕಪ್ಪಗೆ, ಒದ್ದೆಯಾಗಿ ಬಂದರೆ ಆ ಮರ ಕೊಳೆತಿದೆ, ಅಷ್ಟು ಭಾಗ ಬದಲಿಸಬೇಕು.

ತದಡಿ ಹುಡುಗ
ಬಡಿದು ನೋಡಿದೆವು. ಒಳಗೆ ಹೆಚ್ಚು ಕಡಿಮೆ ಒಂದು ಮೊಳ ಡಬ್ ಅನ್ನುತ್ತಿದೆ, ಸ್ಟ್ರಿಂಗರ್ ಬುಡವೂ ಸೇರಿ. ಈಗ ಮಳೆ ಬೇರೆ. ಆಗಸ್ಟ್‌ವರೆಗೆ ಕಾಯಬೇಕಾ? ರೆಸಿನ್ ಯಾವುದು ತರಬೇಕು? ಎಪಾಕ್ಸಿ ಒಳ್ಳೇದು ಅನ್ನುತ್ತಾರಲ್ಲ?

ಬೈತಖೋಲ್ ಫೈಬರ್
ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಎಲ್ಲರ ರಿಪೇರಿ ಕೆಲಸವೂ ನಮ್ಮ ಕರಾವಳಿಯ ಅತಿ ತೇವದ ತಿಂಗಳಲ್ಲೇ ಬೀಳುತ್ತದೆ. ಮಾಡಬಹುದು, ಆದರೆ ತಾಡಪತ್ರಿಯ ಮಾಡು ಬೇಕು, ಒಣಗಲು ದಿನಗಳು ಬೇಕು. ಉಜ್ಜಿದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿ, ಮೇಲೆ ಬಲ್ಬ್ ಉರಿಸಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಫೈಬರ್ ಇನ್ನೂ ನೀರು ಬಿಡುತ್ತಿದೆ ಅಂತ ಅರ್ಥ. ಆಗ ಯಾರು ಎಷ್ಟೇ ಅವಸರ ಮಾಡಿದರೂ ರೆಸಿನ್ ಡಬ್ಬಿ ತೆರೆಯಬೇಡಿ.

ಎಪಾಕ್ಸಿಯ ಹಿಡಿತ ಖಂಡಿತ ಹೆಚ್ಚು. ಆದರೆ ಮಾಮೂಲಿ ಮ್ಯಾಟಿನ ನೂಲು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್ನಿನ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಮ್ಯಾಟ್ ಸರಿಯಾಗಿ ನೆನೆಯುವುದೇ ಇಲ್ಲ, ಅದಕ್ಕೆ ಹೊಂದುವ ಬೇರೆ ಬಟ್ಟೆ ತರಬೇಕು. ಎಪಾಕ್ಸಿ ಮೇಲೆ ಮಾಮೂಲಿ ಜೆಲ್‌ಕೋಟ್ ಕೂಡ ಸರಿ ಕೂರುವುದಿಲ್ಲ. ನಿಮ್ಮ ದೋಣಿ ಪಾಲಿಯೆಸ್ಟರಿನದ್ದೇ ಇರಬೇಕು. ಇಳಿಜಾರು ಅಗಲ ಕೊಟ್ಟರೆ ನೀರು ಚೆನ್ನಾಗಿ ತಡೆಯುವ ಐಸೊ ಪಾಲಿಯೆಸ್ಟರ್ ರೆಸಿನ್ ಸಾಕು, ದುಡ್ಡಿದ್ದರೆ ವಿನೈಲ್ ಎಸ್ಟರ್ ಇನ್ನೂ ಒಳ್ಳೆಯದು.

ಹಳೇ ಮೈಗೆ ಮೊದಲು ಮ್ಯಾಟ್, ಅದರ ಮೇಲೆ ರೋವಿಂಗ್ (ದಪ್ಪ ನೂಲಿನಲ್ಲಿ ನೇಯ್ದ ಗಾಜಿನ ಬಟ್ಟೆ), ಮತ್ತೆ ಮ್ಯಾಟ್. 450ರ ಮ್ಯಾಟ್ (ಚದರ ಮೀಟರಿಗೆ 450 ಗ್ರಾಂ) ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಕೊಡುತ್ತದೆ, ಅದರಿಂದ ಎಷ್ಟು ಪದರ ಅಂತ ಲೆಕ್ಕ ಹಾಕಿ. ಪ್ರತಿ ಪದರಕ್ಕೂ ರೋಲರ್ ಒತ್ತಿ ಗುಳ್ಳೆ ತೆಗೆಯಬೇಕು. ಮೂರು ನಾಲ್ಕು ಪದರಕ್ಕೆ ಒಮ್ಮೆ ನಿಲ್ಲಿಸಿ, ಇಲ್ಲದಿದ್ದರೆ ಕಾವು ಏರಿ ಒಳಗೇ ಸೀಳುತ್ತದೆ. ಬಿಸಿ ಇಳಿದು ಮೈ ಇನ್ನೂ ಅಂಟಂಟು ಇರುವಾಗಲೇ ಮುಂದಿನದು ಹಾಕಿದರೆ ಒಂದಕ್ಕೊಂದು ಬೆಸೆಯುತ್ತವೆ. ಸ್ಟ್ರಿಂಗರ್ ಬುಡದ ಮೂಲೆಗೆ ಮೊದಲು ಪುಟ್ಟಿಯಿಂದ ದುಂಡು ಮಾಡಿ. ಚೂಪು ಮೂಲೆಯಲ್ಲಿ ಗಾಜಿನ ನೂಲು ಕೂರುವುದಿಲ್ಲ, ಅಡಿಯಲ್ಲಿ ಗಾಳಿ ಉಳಿಯುತ್ತದೆ.

ಕುಮಟಾ ಕಡೆಯವ
ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್, ಹಾರ್ಡ್ನರ್ ಎರಡೂ ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರಲ್ಲ, ಒಟ್ಟಿಗೆ ಹಾಕಬಹುದಾ?

ಬೈತಖೋಲ್ ಫೈಬರ್
ಬೇಡವೇ ಬೇಡ. ಅವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ. ಕೆಲಸಕ್ಕೆ ಕೈ ಹಾಕುವ ಮುಂಚೆ ಮಾತ್ರ ಹಾರ್ಡ್ನರ್, ಕಿಲೋಗೆ 10ರಿಂದ 20 ಮಿಲಿ. ಕೆಲವು ರೆಸಿನ್‌ಗೆ ಕೋಬಾಲ್ಟ್ ಮೊದಲೇ ಸೇರಿರುತ್ತದೆ, ಡಬ್ಬಿ ಓದಿ. ಎರಡು ಬಾಟಲಿಯನ್ನೂ ಅಕ್ಕಪಕ್ಕ ಇಡಬೇಡಿ. ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು, ಕಣ್ಣು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕು, ಬಾಯಿಗೆ ಟವೆಲ್ ಕಟ್ಟಿದರೆ ಆಗುವುದಿಲ್ಲ.

ತದಡಿಯವರೇ, ಉಜ್ಜಿ ಮುಗಿದ ಮೇಲೆ, ಬಟ್ಟೆ ಹಾಕುವ ಮೊದಲು ಒಂದು ಫೋಟೋ ಇಲ್ಲಿ ಹಾಕಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಬಿಳಿ ಉಳಿದಿದೆಯಾ, ಇಳಿಜಾರು ಸಾಕಾ, ನೋಡಿ ಹೇಳುತ್ತೇನೆ.